ಫ್ಲೆಕ್ಸಿಗೆ ಶಿಕ್ಷೆ, ಮುಖಕ್ಕೆ ಮಾಫಿ

ಚುನಾವಣಾ ಆಯೋಗ ಮತದಾನದ ದಿನಾಂಕ ಪ್ರಕಟಿಸಿದ ದಿನ ಸಂಜೆ ಬೆಂಗಳೂರಿನ ಯಾವುದಾದರೊಂದು ದೊಡ್ಡ ವೃತ್ತದಲ್ಲಿ ಅರ್ಧ ಗಂಟೆ ನಿಂತು ನೋಡಬೇಕು. ವಿಧಾನಸಭೆ ಚುನಾವಣೆ ಘೋಷಣೆಯಾದ 2023ರ ಮಾರ್ಚ್ 29ರ ನಂತರವೂ, ಲೋಕಸಭೆ ಚುನಾವಣೆ ಘೋಷಣೆಯಾದ 2024ರ ಮಾರ್ಚ್ 16ರ ನಂತರವೂ ಕಂಡದ್ದು ಇದೇ ನೋಟ. ಏಣಿ ಹೇರಿಕೊಂಡ ಸಣ್ಣ ಲಾರಿಯೊಂದು ಬಂದು ನಿಲ್ಲುತ್ತದೆ. ನಾಲ್ಕೈದು ಮಂದಿ ಇಳಿದು, ನಿನ್ನೆಯವರೆಗೆ ಯಾರೂ ಮುಟ್ಟಲು ಧೈರ್ಯ ಮಾಡದಿದ್ದ ಮುಖಗಳನ್ನು ಕುಡುಗೋಲಿನಿಂದ ಸರಸರನೆ ಕೊಯ್ದು, ಸುರುಳಿ ಸುತ್ತಿ ಲಾರಿಗೆ ಎಸೆಯುತ್ತಾರೆ. ಯಾರೂ ಅಡ್ಡ ಬರುವುದಿಲ್ಲ. ‘ಅಣ್ಣನ ಫೋಟೊ ಮುಟ್ಟಿದರೆ ಹುಷಾರ್’ ಎನ್ನುವವರಿಲ್ಲ. ಅಣ್ಣನೂ ಫೋನು ಮಾಡುವುದಿಲ್ಲ.

ಆಯೋಗದ ನಿಯಮ ಬಹಳ ಸರಳವಾದದ್ದು. ಚುನಾವಣೆ ಘೋಷಣೆಯಾದ 24 ಗಂಟೆಯೊಳಗೆ ಸರ್ಕಾರಿ ಕಟ್ಟಡಗಳ ಮೇಲಿನ, 48 ಗಂಟೆಯೊಳಗೆ ರಸ್ತೆ, ಸೇತುವೆ, ಬಸ್ ನಿಲ್ದಾಣದಂಥ ಸಾರ್ವಜನಿಕ ಸ್ಥಳಗಳ, 72 ಗಂಟೆಯೊಳಗೆ ಖಾಸಗಿ ಜಾಗಗಳ ಅನಧಿಕೃತ ರಾಜಕೀಯ ಬರಹ, ಭಿತ್ತಿಪತ್ರ, ಬ್ಯಾನರುಗಳು ಇಳಿಯಬೇಕು. ಇಳಿದ ಬಗ್ಗೆ ಅಧಿಕಾರಿ ವರದಿ ಕೊಡಬೇಕು. ಕೊಡದಿದ್ದರೆ ಏನಾಗುತ್ತದೆಂಬುದು ಆತನಿಗೆ ಚೆನ್ನಾಗಿ ಗೊತ್ತು. ಹಾಗಾಗಿ ಮೂರೇ ದಿನಗಳಲ್ಲಿ ಊರು ಸ್ವಚ್ಛ.

ಆದ್ದರಿಂದ, ಅಕ್ರಮ ಫಲಕಗಳನ್ನು ತೆಗೆಯಲು ನಮ್ಮ ನಗರಾಡಳಿತಕ್ಕೆ ಸಿಬ್ಬಂದಿ ಸಾಲದು, ವಾಹನವಿಲ್ಲ, ರಾತ್ರೋರಾತ್ರಿ ಕಟ್ಟುತ್ತಾರೆ, ಏನು ಮಾಡುವುದು ಎಂಬ ಅಳಲನ್ನು ಇನ್ನು ನಂಬಬೇಕಾಗಿಲ್ಲ. ಅದೇ ಏಣಿ, ಅದೇ ಲಾರಿ, ಅದೇ ಗುತ್ತಿಗೆ ಕಾರ್ಮಿಕರು. ಬದಲಾಗಿರುವುದು, ತಪ್ಪಿದರೆ ಯಾರಿಗೆ ಉತ್ತರ ಕೊಡಬೇಕು ಎಂಬುದು ಮಾತ್ರ. ಚುನಾವಣೆ ಮುಗಿದು ನೀತಿಸಂಹಿತೆ ತೆರವಾದ ಮರುದಿನ ವಿಜಯೋತ್ಸವದ ಅಭಿನಂದನಾ ಫಲಕಗಳೊಂದಿಗೆ ಹಳೆಯ ಮುಖಗಳು ಮತ್ತೆ ಕಂಬ ಹತ್ತುತ್ತವೆ.

ಕಾನೂನಿನ ಕೊರತೆಯಂತೂ ಇಲ್ಲವೇ ಇಲ್ಲ. 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆ, ಆಯುಕ್ತರ ಲಿಖಿತ ಅನುಮತಿಯಿಲ್ಲದೆ ಜಾಹೀರಾತು ಪ್ರದರ್ಶಿಸಬಾರದೆಂದು ಹೇಳಿತು. 1981ರಲ್ಲಿ ಇದಕ್ಕೆಂದೇ ಕರ್ನಾಟಕ ತೆರೆದ ಸ್ಥಳಗಳ (ವಿರೂಪಣೆ ತಡೆ) ಕಾಯ್ದೆ ಬಂತು. ತಾನೇ ಆಗಲಿ ಬೇರೆಯವರ ಮೂಲಕವೇ ಆಗಲಿ ಅನುಮತಿಯಿಲ್ಲದೆ ಸಾರ್ವಜನಿಕರ ಕಣ್ಣಿಗೆ ಬೀಳುವ ಸ್ಥಳದಲ್ಲಿ ಜಾಹೀರಾತು ಹಚ್ಚಿದವರಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ ಎಂದು ಅದು ಗೊತ್ತುಪಡಿಸಿತು. ‘ಬೇರೆಯವರ ಮೂಲಕವೇ ಆಗಲಿ’ ಎಂಬ ಮಾತನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು. 2016ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ನಿಷೇಧದ ಅಧಿಸೂಚನೆ ಹೊರಡಿಸಿದಾಗ ಕೈಚೀಲ, ಲೋಟ, ತಟ್ಟೆಗಳ ಜತೆಗೆ ಬ್ಯಾನರ್, ಬಂಟಿಂಗ್, ಫ್ಲೆಕ್ಸುಗಳನ್ನೂ ಪಟ್ಟಿಯಲ್ಲಿ ಸೇರಿಸಿತು. ಅಲ್ಲಿಂದಾಚೆಗೆ ಪ್ಲಾಸ್ಟಿಕ್ ಫ್ಲೆಕ್ಸು ಕಟ್ಟುವುದು ಮಾತ್ರವಲ್ಲ, ತಯಾರಿಸುವುದು, ಮಾರುವುದು, ಬಳಸುವುದು ಎಲ್ಲವೂ ನಿಷಿದ್ಧ.

1981ರಲ್ಲಿ ಸಾವಿರ ರೂಪಾಯಿ ಸಣ್ಣ ಮೊತ್ತವಾಗಿರಲಿಲ್ಲ. ಗುಮಾಸ್ತನೊಬ್ಬನ ತಿಂಗಳ ಸಂಬಳವನ್ನು ಮೀರಿಸುವ ದಂಡ ಅದು. ಆಗ ಕಟೌಟು ಎಂದರೆ ಪ್ಲೈವುಡ್ಡಿನ ಮೇಲೆ ಕಲಾವಿದನೊಬ್ಬ ದಿನಗಟ್ಟಲೆ ಕುಳಿತು ಬಣ್ಣ ತುಂಬಿದ ಚಿತ್ರ. ಚಿತ್ರಮಂದಿರದ ಎದುರಿಗೋ ದೊಡ್ಡ ಸಮಾವೇಶಕ್ಕೋ ಅದು ಏಳುತ್ತಿತ್ತೇ ಹೊರತು ಪ್ರತಿ ಬೀದಿಯ ಹುಟ್ಟುಹಬ್ಬಕ್ಕಲ್ಲ. ಡಿಜಿಟಲ್ ಮುದ್ರಣ ಬಂದ ಮೇಲೆ ಆ ಕಲಾವಿದರು ಕುಂಚ ಕೆಳಗಿಟ್ಟರು. ಮಧ್ಯಾಹ್ನ ಮೊಬೈಲಿನಲ್ಲಿ ಫೋಟೊ ಕಳಿಸಿದರೆ ಸಂಜೆಗೆ ಆಳೆತ್ತರದ ಮುಖ ಸಿದ್ಧ. ಕಾಯ್ದೆಯ ದಂಡವನ್ನು ಇಂದು ಕಟ್ಟಬೇಕಾಗಿ ಬಂದರೂ ಅದು ಚೌಕಟ್ಟಿನ ಮರದ ಖರ್ಚಿಗೆ ಸಮ. ಅದನ್ನು ಕಟ್ಟಿಸಿಕೊಳ್ಳುವವರಾದರೂ ಎಲ್ಲಿ?

ಈ ಅಪರಾಧಕ್ಕೊಂದು ವಿಚಿತ್ರ ಗುಣವಿದೆ. ಬೇರಾವ ಅಪರಾಧದಲ್ಲಿಯೂ ಆರೋಪಿ ತನ್ನ ಭಾವಚಿತ್ರವನ್ನು ಸ್ಥಳದಲ್ಲೇ ಬಿಟ್ಟು ಹೋಗುವುದಿಲ್ಲ. ಇಲ್ಲಿ ಚಿತ್ರ, ಹೆಸರು, ಹುದ್ದೆ, ವಾರ್ಡು, ಎಷ್ಟೋ ಸಲ ಮೊಬೈಲ್ ಸಂಖ್ಯೆಯೂ ಇರುತ್ತದೆ. ಸಹಚರರ ಪಟ್ಟಿಯೂ ಕೆಳಗಿನ ಸಾಲಿನಲ್ಲಿ ಅಂಚೆಚೀಟಿಯ ಗಾತ್ರದ ಫೋಟೊಗಳಾಗಿ ಮುದ್ರಿತವಾಗಿರುತ್ತದೆ. ಬೆರಳಚ್ಚು ತಜ್ಞರೂ ಬೇಡ, ಸಿಸಿಟಿವಿಯೂ ಬೇಡ. ಆದರೂ ಪಾಲಿಕೆಯ ಕಡತಗಳಲ್ಲಿ ಇವು ‘ಅಪರಿಚಿತ ವ್ಯಕ್ತಿಗಳು’ ಕಟ್ಟಿದ ಫಲಕಗಳು. ವಿಚಾರಿಸಿದರೆ ನಾಯಕರು, ‘ನನಗೆ ತಿಳಿಯದೆ ಅಭಿಮಾನಿಗಳು ಹಾಕಿದ್ದಾರೆ’ ಎನ್ನುತ್ತಾರೆ. ಅವರ ಮನೆಯ ಗೇಟಿನ ಎದುರಿಗೇ ಹತ್ತಡಿ ಎತ್ತರಕ್ಕೆ ಹಾಕಿದ್ದರೂ ತಿಳಿದಿರುವುದಿಲ್ಲ.

ಫ್ಲೆಕ್ಸನ್ನು ಜಾಹೀರಾತು ಎಂದು ಕರೆಯುವುದರಲ್ಲೇ ನಾವು ಎಡವುತ್ತೇವೆಂದು ನನ್ನ ಅನಿಸಿಕೆ. ಜಾಹೀರಾತು ಗಿರಾಕಿಗಳನ್ನು ಉದ್ದೇಶಿಸಿದ್ದು. ಸಾಬೂನು ಮಾರುವವನಿಗೆ ರಸ್ತೆಯಲ್ಲಿ ಹೋಗುವ ನಾವು ಬೇಕು. ಹುಟ್ಟುಹಬ್ಬದ ಫ್ಲೆಕ್ಸಿಗೆ ನಾವು ಬೇಕಾಗಿಲ್ಲ. ಅದು ಒಬ್ಬನೇ ಓದುಗನಿಗಾಗಿ ಬರೆದ ಅರ್ಜಿ. ಮೇಲಿನ ಎರಡು ಮೂಲೆಗಳಲ್ಲಿ ರಾಷ್ಟ್ರ ಮತ್ತು ರಾಜ್ಯ ನಾಯಕರು, ನಡುವೆ ಕೈಮುಗಿದ ಶಾಸಕರು, ಅವರಿಗಿಂತ ಅಂಗುಲದಷ್ಟು ಚಿಕ್ಕದಾಗಿ ಸ್ಥಳೀಯ ಮುಖಂಡ, ಕೆಳಗೆ ಶುಭಕೋರುವವರ ಸಾಲು. ಯಾರ ತಲೆ ಎಷ್ಟು ಅಂಗುಲ ಎಂಬುದು ಪಕ್ಷದ ಶ್ರೇಣಿಯ ನಕ್ಷೆ. ಕಾರಿನಲ್ಲಿ ಹೋಗುವ ನಾಯಕ ಕಿಟಕಿಯಿಂದ ಒಮ್ಮೆ ನೋಡಿ, ‘ಇವನೂ ಇದ್ದಾನೆ’ ಎಂದುಕೊಂಡರೆ ಖರ್ಚು ಹುಟ್ಟಿತು. ಇಂಥ ಅರ್ಜಿಯನ್ನು ಮೂರನೆಯ ದಿನ ಪಾಲಿಕೆಯವರು ಹರಿದುಹಾಕಿದರೆ ಅರ್ಜಿದಾರನಿಗೆ ನಷ್ಟವೇನು? ಹುಟ್ಟುಹಬ್ಬ ಮೊದಲ ದಿನವೇ ಮುಗಿದಿರುತ್ತದೆ.

2018ರ ಆಗಸ್ಟ್ 1ರ ನೆನಪು ಅನೇಕರಿಗಿರಬಹುದು. ಅನಧಿಕೃತ ಫ್ಲೆಕ್ಸುಗಳ ವಿರುದ್ಧದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ವಿಚಾರಣೆ ನಡೆಸುತ್ತಿದ್ದ ಮುಖ್ಯ ನ್ಯಾಯಮೂರ್ತಿ ದಿನೇಶ್ ಮಾಹೇಶ್ವರಿ ಅವರ ನೇತೃತ್ವದ ಹೈಕೋರ್ಟ್ ಪೀಠ ಅಂದು ಬೆಳಿಗ್ಗೆ ಪಾಲಿಕೆಯನ್ನು ತರಾಟೆಗೆ ತೆಗೆದುಕೊಂಡು, ಮಧ್ಯಾಹ್ನದ ಹೊತ್ತಿಗೆ ನಗರದ ಫ್ಲೆಕ್ಸುಗಳು ತೆರವಾಗಿರಬೇಕೆಂದು ಸೂಚಿಸಿತು. ವರ್ಷಗಟ್ಟಲೆ ಆಗದ್ದು ಕೆಲವೇ ಗಂಟೆಗಳಲ್ಲಿ ಆಯಿತು. ಸಾವಿರಾರು ಫ್ಲೆಕ್ಸುಗಳು ನೆಲಕ್ಕುರುಳಿದವು. ಆಕಾಶ ಇಷ್ಟು ಅಗಲವಿತ್ತೇ ಎಂದು ಜನ ಬೆರಗಾದರು, ನಾನೂ ಆದೆ. ಮರುವಾರವೇ ಪಾಲಿಕೆ ಸಭೆ ನಗರದಲ್ಲಿ ಒಂದು ವರ್ಷ ಹೊರಾಂಗಣ ಜಾಹೀರಾತನ್ನೇ ನಿಷೇಧಿಸುವ ನಿರ್ಣಯ ಕೈಗೊಂಡಿತು. ಫ್ಲೆಕ್ಸಿನ ಜೊತೆಗೆ ವಾಣಿಜ್ಯ ಹೋರ್ಡಿಂಗುಗಳೂ ಇಳಿದವು. ಹಲವೆಡೆ ಅವುಗಳ ಕಬ್ಬಿಣದ ಚೌಕಟ್ಟುಗಳು ಮಾತ್ರ ಖಾಲಿಯಾಗಿ, ‘ಮತ್ತೆ ಬರುತ್ತೇವೆ’ ಎನ್ನುವಂತೆ ವರ್ಷಗಟ್ಟಲೆ ನಿಂತಿದ್ದವು.

ಅಪಶಕುನ ಅಲ್ಲಿಯೇ ಇತ್ತು. ಕೋರ್ಟಿನ ಕಣ್ಣಿದ್ದಷ್ಟು ದಿನ ಶಿಸ್ತು ಉಳಿಯಿತು. 2019ರಲ್ಲಿ ಸರ್ಕಾರ ಪಾಲಿಕೆಯ ನಿಲುವಿಗೆ ವ್ಯತಿರಿಕ್ತವಾಗಿ ಜಾಹೀರಾತಿಗೆ ಮತ್ತೆ ಬಾಗಿಲು ತೆರೆಯುವ ಹೊಸ ನಿಯಮಗಳನ್ನು ತಂದಿತು. ಅದೂ ವ್ಯಾಜ್ಯದ ವಸ್ತುವಾಯಿತು. ಹೋರ್ಡಿಂಗಿನಲ್ಲಿ ಹಣವಿದೆ ಎಂಬುದನ್ನು ಮರೆಯುವಂತಿಲ್ಲ. ಪರವಾನಗಿ ಪಡೆದ ಒಂದರ ನೆರಳಿನಲ್ಲಿ ಪರವಾನಗಿಯಿಲ್ಲದ ನಾಲ್ಕು ನಿಲ್ಲುತ್ತಿದ್ದ ಕಾಲದಲ್ಲಿ ಪಾಲಿಕೆಯ ಬೊಕ್ಕಸಕ್ಕೆ ಬರಬೇಕಾದದ್ದು ಎಲ್ಲೆಲ್ಲಿಗೋ ಹೋಯಿತು. ಆದರೆ ವಾಣಿಜ್ಯ ಹೋರ್ಡಿಂಗಿನ ಹಿಂದೆ ಕೊನೆಗೊಂದು ಕಂಪನಿ, ಒಂದು ಬಿಲ್ಲು, ಒಂದು ಕರಾರುಪತ್ರ ಇರುತ್ತದೆ. ಮನಸ್ಸು ಮಾಡಿದರೆ ಹಿಡಿಯಬಹುದು. ಫ್ಲೆಕ್ಸಿನದು ಬೇರೆ ಜಾತಿ.

2023ರ ಆಗಸ್ಟಿನಲ್ಲಿ ಹೈಕೋರ್ಟು ಮತ್ತೆ ಪಾಲಿಕೆಯ ಕಿವಿ ಹಿಂಡಬೇಕಾಯಿತು. ಪ್ರತಿ ಅನಧಿಕೃತ ಫಲಕಕ್ಕೆ 50 ಸಾವಿರ ರೂಪಾಯಿಯ ಮಾತು ಆಗ ಬಂತು. ಅದೇ ತಿಂಗಳು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರು ಫ್ಲೆಕ್ಸು ಕಟ್ಟುವವರಿಗೆ ಅಷ್ಟೇ ದಂಡ ವಿಧಿಸುವುದಾಗಿ ಪ್ರಕಟಿಸಿದರು. ಒಳ್ಳೆಯದೇ. ಆದರೆ 1981ರ ಕಾಯ್ದೆ ರೂಪಿಸಿದ ದಂಡಕ್ಕೂ ಈ ಘೋಷಣೆಗೂ ಐವತ್ತು ಪಟ್ಟು ಅಂತರವಿದೆ. ನ್ಯಾಯಾಲಯದ ಮುಂದೆ ಬಂದ ಲೆಕ್ಕವನ್ನು ನೋಡಿದರೆ ನಿಜವಾದ ಅಂತರ ಬೇರೆಡೆಯಿದೆ ಎನ್ನಿಸುತ್ತದೆ. ತೆರವುಗೊಳಿಸಿದ ಫಲಕಗಳ ಸಂಖ್ಯೆ ಹತ್ತಾರು ಸಾವಿರ. ಪೊಲೀಸರು ದಾಖಲಿಸಿಕೊಂಡ ಎಫ್‌ಐಆರ್‌ಗಳ ಸಂಖ್ಯೆ ನೂರನ್ನೂ ಮುಟ್ಟಿರಲಿಲ್ಲ. ಸಾವಿರ ಕಳವಿನ ಮಾಲು ವಶಪಡಿಸಿಕೊಂಡು ಒಬ್ಬ ಕಳ್ಳನನ್ನೂ ಹಿಡಿಯದ ಠಾಣೆಯನ್ನು ನಾವು ದಕ್ಷ ಎಂದು ಹೊಗಳುತ್ತೇವೆಯೇ? ಫ್ಲೆಕ್ಸಿನ ವಿಷಯದಲ್ಲಿ ಮಾತ್ರ ಲಾರಿಗೆ ತುಂಬಿದ ಪ್ಲಾಸ್ಟಿಕ್ಕಿನ ರಾಶಿಯ ಮುಂದೆ ಅಧಿಕಾರಿಗಳು ಫೋಟೊ ತೆಗೆಸಿಕೊಳ್ಳುತ್ತಾರೆ, ಪತ್ರಿಕೆಗಳವರಾದ ನಾವು ಅದನ್ನು ‘ಭರ್ಜರಿ ಕಾರ್ಯಾಚರಣೆ’ ಎಂದು ಅಚ್ಚು ಹಾಕುತ್ತೇವೆ.

ತೆರವು ಎಂಬುದು ಶಿಕ್ಷೆಯಲ್ಲ, ಕಸ ಗುಡಿಸುವುದು. ಗುಡಿಸುವ ಖರ್ಚು ತೆರಿಗೆ ಕಟ್ಟುವವರದು. ಕಂಬ ಹತ್ತುವ ಅಪಾಯ ಗುತ್ತಿಗೆ ಕಾರ್ಮಿಕನದು. ಇಳಿದ ಫ್ಲೆಕ್ಸಿನ ಕಥೆಯೂ ಅಲ್ಲಿಗೆ ಮುಗಿಯುವುದಿಲ್ಲ. ತಳ್ಳುಗಾಡಿಯ ಟೊಮೆಟೊ ರಾಶಿಗೆ ಅದು ಹೊದಿಕೆ, ಕಟ್ಟಡ ಕಾರ್ಮಿಕರ ಶೆಡ್ಡಿಗೆ ಚಾವಣಿ. ಜೋರು ಮಳೆ ಬಂದಾಗ ಬಡವನ ಮಗುವಿನ ತಲೆ ಕಾಯುವುದು ಹೀಗೆ ಕೈಮುಗಿದು ನಿಂತ ನಾಯಕರೇ. ನಾಯಕರು ಬಡವರಿಗೆ ನೇರವಾಗಿ ಉಪಯೋಗಕ್ಕೆ ಬರುವ ಸಂದರ್ಭ ಇದೊಂದೇ ಎಂದು ಹಿರಿಯ ಮಿತ್ರರೊಬ್ಬರು ನಗುತ್ತಿದ್ದರು. ಉಳಿದದ್ದನ್ನು ಎಲ್ಲೋ ಬೆಂಕಿಗೆ ಹಾಕುತ್ತಾರೆ. ಪಿವಿಸಿ ಲೇಪನದ ಬಟ್ಟೆ ಸುಟ್ಟ ಹೊಗೆಯಲ್ಲಿ ವಿಷವಿದೆ.

ನಾಮಫಲಕದ ವಿಷಯದಲ್ಲಿ ಇದೇ ನಗರ ಹೇಗೆ ನಡೆದುಕೊಂಡಿತೆಂಬುದನ್ನು ಇಲ್ಲಿ ಹೋಲಿಸಿ ನೋಡಬಹುದು. 2023ರ ಡಿಸೆಂಬರಿನಲ್ಲಿ ಕನ್ನಡಪರ ಸಂಘಟನೆಗಳು ಬೀದಿಗಿಳಿದ ಮೇಲೆ, ಅಂಗಡಿ ಮುಂಗಟ್ಟುಗಳ ಫಲಕದಲ್ಲಿ ಶೇ 60ರಷ್ಟು ಕನ್ನಡವಿರಬೇಕೆಂಬ ನಿಯಮಕ್ಕೆ ಜೀವ ಬಂತು. ಪಾಲಿಕೆ 2024ರ ಫೆಬ್ರುವರಿ 28ರ ಗಡುವು ಕೊಟ್ಟಿತು. ಮುಖ್ಯ ರಸ್ತೆಗಳಲ್ಲಿ ಸಮೀಕ್ಷೆ ನಡೆಯಿತು, ಮಳಿಗೆಗಳಿಗೆ ನೋಟಿಸುಗಳು ಹೋದವು. ಕನ್ನಡದ ನೆಲದಲ್ಲಿ ಕನ್ನಡ ಕಾಣಬೇಕೆಂಬುದರಲ್ಲಿ ಈ ಲೇಖಕನಿಗೆ ತಕರಾರಿಲ್ಲ. ಗಮನಿಸಬೇಕಾದದ್ದು ಆಡಳಿತದ ಚುರುಕು. ಅಂಗಡಿಯವನಿಗೆ ವಿಳಾಸವಿದೆ, ಉದ್ದಿಮೆ ಪರವಾನಗಿಯಿದೆ, ಎಳೆದರೆ ಮುಚ್ಚುವ ಶಟರ್ ಇದೆ. ಹಾಗಾಗಿ ಕಾನೂನು ಅವನ ಬಾಗಿಲಿಗೆ ಸಲೀಸಾಗಿ ಹೋಗುತ್ತದೆ. ಅದೇ ಅಂಗಡಿಯ ಫಲಕವನ್ನೇ ಮುಚ್ಚುವಂತೆ ಮುಖಂಡನೊಬ್ಬನ ಫ್ಲೆಕ್ಸು ಕಟ್ಟಿದರೆ ಅಂಗಡಿಯವನು ದೂರು ಕೊಡಲಾರ. ಆ ಫ್ಲೆಕ್ಸಿನಲ್ಲಿ ಅಕ್ಷರಗಳೆಲ್ಲ ಕನ್ನಡದವೇ ಆಗಿರುತ್ತವೆ, ಕಾಗುಣಿತ ತಪ್ಪಿರಬಹುದು ಅಷ್ಟೆ.

ಇದೆಲ್ಲ ಊರಿನ ಅಂದಚಂದದ ಪ್ರಶ್ನೆ, ಹೊಟ್ಟೆ ತುಂಬಿದವರ ಚಿಂತೆ ಎನ್ನುವವರಿದ್ದಾರೆ. ಅವರು ಗದಗ ಜಿಲ್ಲೆ ಲಕ್ಷ್ಮೇಶ್ವರ ತಾಲ್ಲೂಕಿನ ಸೂರಣಗಿ ಗ್ರಾಮವನ್ನು ನೆನೆಯಬೇಕು. 2024ರ ಜನವರಿ 8, ನಟ ಯಶ್ ಅವರ ಹುಟ್ಟುಹಬ್ಬ. ಅದಕ್ಕಾಗಿ ಹಿಂದಿನ ರಾತ್ರಿ ಸುಮಾರು 25 ಅಡಿ ಎತ್ತರದ ಕಟೌಟು ನಿಲ್ಲಿಸುತ್ತಿದ್ದ ಹುಡುಗರ ಕೈಯಲ್ಲಿದ್ದ ಚೌಕಟ್ಟು ವಿದ್ಯುತ್ ತಂತಿಗೆ ತಾಗಿತು. ಮೂವರು ಅಲ್ಲೇ ಸತ್ತರು, ಇನ್ನೂ ಮೂವರು ಗಾಯಗೊಂಡರು. ಸತ್ತವರು ಇಪ್ಪತ್ತರ ಆಸುಪಾಸಿನವರು. ನಟ ಅಂದೇ ಊರಿಗೆ ಬಂದು ಹೆತ್ತವರ ಎದುರು ಕುಳಿತರು, ಅಭಿಮಾನವನ್ನು ಹೀಗೆ ತೋರಿಸಬೇಡಿ ಎಂದು ಕೈಮುಗಿದು ಕೇಳಿಕೊಂಡರು. ಹುಟ್ಟುಹಬ್ಬದ ಫಲಕದ ಮೇಲೆ ನಾಯಕನ ತಲೆ ಎಷ್ಟೇ ದೊಡ್ಡದಿರಲಿ, ತಂತಿಯ ಪಕ್ಕ ನಿಂತು ಅದನ್ನು ಎತ್ತಿ ಹಿಡಿಯುವ ಕೈ ಯಾವಾಗಲೂ ಅಂಚೆಚೀಟಿ ಸಾಲಿನವನದು, ಇಲ್ಲವೇ ಆ ಸಾಲಿಗೂ ಬಾರದವನದು.

ಕೆಳಗೆ ಹೋಗುತ್ತಿದ್ದವರೂ ಸತ್ತಿದ್ದಾರೆ. 2019ರ ಸೆಪ್ಟೆಂಬರ್ 12ರಂದು ಚೆನ್ನೈನ ಪಳ್ಳಿಕರಣೈಯಲ್ಲಿ ಕೆಲಸ ಮುಗಿಸಿ ಸ್ಕೂಟರಿನಲ್ಲಿ ಮನೆಗೆ ಮರಳುತ್ತಿದ್ದ 23ರ ಹರೆಯದ ಎಂಜಿನಿಯರ್ ಯುವತಿಯ ಮೇಲೆ ರಸ್ತೆ ವಿಭಜಕದಲ್ಲಿ ಕಟ್ಟಿದ್ದ ಬ್ಯಾನರ್ ಕಳಚಿಬಿತ್ತು. ಆಯ ತಪ್ಪಿ ಬಿದ್ದ ಆಕೆಯ ಮೇಲೆ ಹಿಂದಿನಿಂದ ಬಂದ ನೀರಿನ ಟ್ಯಾಂಕರ್ ಹರಿಯಿತು. ಆಗಿನ ಆಡಳಿತ ಪಕ್ಷದ ಮಾಜಿ ಕೌನ್ಸಿಲರೊಬ್ಬರ ಮಗನ ಮದುವೆಗೆ ಸ್ವಾಗತ ಕೋರುವ ಬ್ಯಾನರು ಅದು. 2024ರ ಮೇ 13ರಂದು ಮುಂಬೈನ ಘಾಟ್ಕೋಪರದಲ್ಲಿ ಬಿರುಗಾಳಿಗೆ ಹೋರ್ಡಿಂಗ್ ಮುರಿದು ಪೆಟ್ರೋಲ್ ಬಂಕಿನ ಮೇಲೆ ಬಿದ್ದು 17 ಮಂದಿ ಸತ್ತರು. ಅಲ್ಲಿ 40 ಅಡಿ ಉದ್ದ, 40 ಅಡಿ ಅಗಲ ಮೀರುವಂತಿರಲಿಲ್ಲ. ನಿಂತಿದ್ದದ್ದು 120ಕ್ಕೆ 120 ಅಡಿ, ಅಂದರೆ ಅನುಮತಿಸಬಹುದಾದ ವಿಸ್ತೀರ್ಣದ ಒಂಬತ್ತು ಪಟ್ಟು. ಜಾಗ ರೈಲ್ವೆ ಪೊಲೀಸರದು, ಅಳತೆಯ ನಿಯಮ ನಗರ ಪಾಲಿಕೆಯದು. ಒಬ್ಬರ ಕಡೆ ಇನ್ನೊಬ್ಬರು ಬೆರಳು ತೋರಿಸುತ್ತಿದ್ದ ಹೊತ್ತಿನಲ್ಲಿ ಅಷ್ಟು ದೊಡ್ಡ ವಸ್ತು ಯಾರ ಕಣ್ಣಿಗೂ ಬೀಳದೆ ನಿಂತಿತ್ತು.

ಚೆನ್ನೈನ ಸಾವಿನ ನಂತರ ನಡೆದದ್ದರಲ್ಲಿ ನಮಗೊಂದು ಪಾಠವಿದೆ. ಮದ್ರಾಸ್ ಹೈಕೋರ್ಟಿನ ಸಿಟ್ಟು ಈ ಸಲ ಪಾಲಿಕೆಯ ಗ್ಯಾಂಗ್‌ಮನ್‌ಗಳ ಬದಲು ಪಕ್ಷಗಳ ಕಡೆ ತಿರುಗಿತು. ಕಾರ್ಯಕರ್ತರು ಬ್ಯಾನರು ಕಟ್ಟುವುದಿಲ್ಲವೆಂದು ಡಿಎಂಕೆ ನ್ಯಾಯಾಲಯಕ್ಕೆ ಪ್ರಮಾಣಪತ್ರ ಸಲ್ಲಿಸಿತು. ಇತರ ಪಕ್ಷಗಳೂ ಹೇಳಿಕೆ ಕೊಟ್ಟವು, ನಟ ಸೂರ್ಯ ತಮ್ಮ ಚಿತ್ರದ ಬಿಡುಗಡೆಗೆ ಬ್ಯಾನರ್ ಬೇಡವೆಂದು ಅಭಿಮಾನಿಗಳಿಗೆ ಹೇಳಿದರು. ಬ್ಯಾನರು ಕಟ್ಟಿಸಿದ್ದವರನ್ನು ಎರಡು ವಾರಗಳ ಬಳಿಕ ಬಂಧಿಸಲಾಯಿತು. ಅರ್ಜಿಯನ್ನು ಓದುವವನೇ ‘ನನಗೆ ಬೇಡ’ ಎಂದರೆ ಬರೆಯುವವನು ನಿಲ್ಲಿಸುತ್ತಾನೆ. ಇದಾದ ಮೂರು ವಾರಕ್ಕೆ ತಮಿಳುನಾಡು ಸರ್ಕಾರವೇ ಮಾಮಲ್ಲಪುರದಲ್ಲಿ ಭಾರತ ಮತ್ತು ಚೀನಾ ನಾಯಕರ ಭೇಟಿಗೆ ಸ್ವಾಗತದ ಬ್ಯಾನರು ಹಾಕಲು ಅನುಮತಿ ಬೇಡಿ ಕೋರ್ಟಿಗೆ ಹೋಗಿದ್ದು ಬೇರೆ ಮಾತು. ಚಟ ಅಷ್ಟು ಸುಲಭಕ್ಕೆ ಬಿಡುವಂಥದ್ದಲ್ಲ.

ಇನ್ನೊಂದು ಹಿಡಿಕೆಯೂ ನಮ್ಮ ಬಳಿ ಇದೆ, ಅದಕ್ಕೆ ಹೊಸ ಕಾಯ್ದೆ ಬೇಡ, ಹಳೆಯದರಿಂದ ಕಲಿತರೆ ಸಾಕು. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಸೆಕ್ಷನ್ ಪ್ರಕಾರ ಚುನಾವಣಾ ಕರಪತ್ರ, ಭಿತ್ತಿಪತ್ರಗಳ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಇಲ್ಲದಿದ್ದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಚುನಾವಣೆಯ ಕಾಲದಲ್ಲಿ ಮುದ್ರಣಾಲಯದವರು ಇದಕ್ಕೆ ಹೆದರಿ, ಯಾರು ಎಷ್ಟು ಪ್ರತಿ ಮಾಡಿಸಿದರೆಂಬ ಲೆಕ್ಕ ಇಡುತ್ತಾರೆ. ಉಳಿದ ದಿನಗಳಲ್ಲಿ ಪ್ರತಿ ಫಲಕದ ಮೂಲೆಯಲ್ಲಿ ಮುದ್ರಕನ ಹೆಸರು, ಅನುಮತಿಯ ಸಂಖ್ಯೆ, ಅದು ಮುಗಿಯುವ ದಿನಾಂಕ ಇರಬೇಕೆಂದು ಕಡ್ಡಾಯ ಮಾಡಲು ಅಡ್ಡಿಯೇನು? ಮುದ್ರಕನಿಗೆ ವಿಳಾಸವಿದೆ, ಪರವಾನಗಿಯಿದೆ, ಅಂಗಡಿಯವನಂತೆ ಶಟರೂ ಇದೆ. ಮುದ್ರಕರ ಹೊಟ್ಟೆಪಾಡಿನ ಪ್ರಶ್ನೆ ಏಳುತ್ತದೆ, ಅದು ಸಹಜವೇ. ಬಟ್ಟೆಯ ಮೇಲೆ, ಅನುಮತಿ ಪಡೆದ ಅಳತೆಯಲ್ಲಿ ಮುದ್ರಿಸಲು ಯಾರೂ ಬೇಡವೆನ್ನುವುದಿಲ್ಲ. ಆದರೆ ಮುದ್ರಕನನ್ನು ಮಾತ್ರ ಹಿಡಿದು ನಾಯಕನನ್ನು ಬಿಟ್ಟರೆ ಮತ್ತೊಮ್ಮೆ ದುರ್ಬಲನ ಕೊರಳಿಗೆ ಹಗ್ಗ ಬಿಗಿದಂತಾದೀತು. ‘ಬೇರೆಯವರ ಮೂಲಕವೇ ಆಗಲಿ’ ಎಂಬ 1981ರ ಮಾತು ಕಾಯುತ್ತಿರುವುದು ಆ ನಡುವಿನ ದೊಡ್ಡ ಮುಖಕ್ಕಾಗಿ. ಒಬ್ಬರೇ ಒಬ್ಬ ಶಾಸಕರಿಗೆ ಒಮ್ಮೆ ಸಮನ್ಸ್ ಹೋಗಲಿ, ತಮಗೆ ಅರಿವಿರಲಿಲ್ಲವೆಂದು ಮ್ಯಾಜಿಸ್ಟ್ರೇಟರ ಎದುರು ಪ್ರಮಾಣ ಮಾಡಿ ಹೇಳಲಿ. ಮರುವಾರವೇ ಅವರ ಅಭಿಮಾನಿಗಳಿಗೆ ತಿಳಿವಳಿಕೆ ಬರುತ್ತದೆ.

ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಎಂಬ ಹೆಸರೇ ಈಗ ಇತಿಹಾಸ. 2025ರ ಸೆಪ್ಟೆಂಬರಿನಿಂದ ನಗರಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು, ಐವರು ಆಯುಕ್ತರು. ಒಂದು ಪಾಲಿಕೆಯ ಗಡಿಯಲ್ಲಿ ತೆಗೆದ ಫ್ಲೆಕ್ಸು ರಸ್ತೆ ದಾಟಿ ಇನ್ನೊಂದರ ಗಡಿಯಲ್ಲಿ ಏಳುವುದಕ್ಕೆ ಹೆಚ್ಚು ಹೊತ್ತು ಬೇಡ. ಘಾಟ್ಕೋಪರದ ಬೆರಳು ತೋರಿಸುವ ಆಟಕ್ಕೆ ಇಲ್ಲಿ ಐದು ಮೈದಾನಗಳಾದವು. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯಿಲ್ಲದೆ ಕಾದವರ ಸಾಲು ಉದ್ದವಿದೆ. ‘ವಾರ್ಡಿನ ಪ್ರಬಲ ಆಕಾಂಕ್ಷಿ’ ಎಂಬ ಹೊಸದೊಂದು ಹುದ್ದೆಯೇ ಫ್ಲೆಕ್ಸುಗಳ ಮೇಲೆ ಹುಟ್ಟಿಕೊಂಡಿದ್ದು ಈ ಕಾಯುವಿಕೆಯಲ್ಲಿ.

ನಮ್ಮ ಬಡಾವಣೆಯ ತಿರುವಿನಲ್ಲಿ ನೀಲಗಿರಿ ಗಳಗಳ ಒಂದು ಚೌಕಟ್ಟಿದೆ. ಪಾದಚಾರಿ ಮಾರ್ಗದ ಕಲ್ಲು ಕಿತ್ತು ಗುಂಡಿ ತೋಡಿ, ಬೇವಿನ ಮರಕ್ಕೆ ತಂತಿ ಬಿಗಿದು ನಿಲ್ಲಿಸಿದ್ದು. ಅಲ್ಲಿ ಮೊದಲು ಒಬ್ಬರ ಹುಟ್ಟುಹಬ್ಬ ಬಂತು, ಆಮೇಲೆ ಗಣೇಶೋತ್ಸವ, ನಂತರ ಮತ್ತೊಂದು ಪಕ್ಷದ ಮುಖಂಡರಿಗೆ ನಿಗಮ ಮಂಡಳಿಯಲ್ಲಿ ಸ್ಥಾನ ಸಿಕ್ಕಿದ್ದಕ್ಕೆ ಅಭಿನಂದನೆ. ಪಕ್ಷ ಬೇರೆಯಾದರೂ ಚೌಕಟ್ಟು ಹಂಚಿಕೊಳ್ಳುವುದರಲ್ಲಿ ಅವರಲ್ಲಿ ಜಗಳವಿಲ್ಲ. ಮೊನ್ನೆ ಮೊನ್ನೆ ಬಟ್ಟೆಯನ್ನು ಯಾರೋ ಕೊಯ್ದುಕೊಂಡು ಹೋದರು. ಶಾಲೆಗೆ ಹೋಗುವ ಮಕ್ಕಳು ಪಾದಚಾರಿ ಮಾರ್ಗ ಬಿಟ್ಟು, ಆ ಗಳಗಳನ್ನು ಬಳಸಿ, ರಸ್ತೆಗಿಳಿದು ದಾಟುತ್ತಾರೆ. ತಂತಿ ಬೇವಿನ ತೊಗಟೆಯೊಳಗೆ ಇಳಿದಿದೆ. ಚೌಕಟ್ಟು ಖಾಲಿಯಾಗಿ ಮುಂದಿನ ಹುಟ್ಟುಹಬ್ಬಕ್ಕೆ ನಿಂತಿದೆ.